ರುಮಾಲು ಸುತ್ತಿಕೊಂಡು ಕೇಳುವ ಸುದ್ದಿ

ನನಗೊಂದು ಚಟವಿದೆ. ಪತ್ರಿಕೆಯನ್ನು ಮನಸ್ಸಿನಲ್ಲೇ ಓದಿಕೊಳ್ಳಲು ನನಗೆ ಬರುವುದಿಲ್ಲ. ಗಟ್ಟಿಯಾಗಿ ಓದಬೇಕು, ಅದೂ ಬಾಗಿಲಿನ ಆಚೆ ನಾಲ್ಕು ಮಂದಿ ಕುಳಿತಿದ್ದಾರೆ, ಅವರಲ್ಲೊಬ್ಬರ ಕಿವಿ ತುಸು ಮಂದ ಎನ್ನುವ ಹಾಗೆ. ಧಾರವಾಡದ ನಮ್ಮ ಈಗಿನ ಮನೆಯ ಬಾಜು ಇರುವವರು ಪತ್ರಿಕೆ ತರಿಸುವುದನ್ನೇ ನಿಲ್ಲಿಸಿದ್ದಾರೆ. ನನ್ನ ದನಿ ಅವರ ಅಡುಗೆಮನೆಯವರೆಗೂ ಹೋಗುವುದರಿಂದ ಬೇರೆ ಪತ್ರಿಕೆ ಯಾಕೆ ಎಂದು ಅವರು ನಗುತ್ತಲೇ ಹೇಳಿದ್ದುಂಟು. ನಾನದನ್ನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದೇನೆ.

ಚಟ ಇಷ್ಟಕ್ಕೇ ಮುಗಿದಿದ್ದರೆ ಮನೆಯವರು ಸಹಿಸಿಕೊಳ್ಳುತ್ತಿದ್ದರು. ಓದುತ್ತ ಓದುತ್ತ ಸುಪ್ರೀಂ ಕೋರ್ಟ್ ಎಂಬ ಅಕ್ಷರ ಕಂಡರೆ ಸಾಕು, ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ಕೈ ಸೆರಗನ್ನು ಸರಿಮಾಡುತ್ತದೆ, ಓದು ಒಂದು ಗಳಿಗೆ ನಿಲ್ಲುತ್ತದೆ. ಟಿವಿಯಲ್ಲಿ ಬಂದರೂ ಅಷ್ಟೇ. “ಅವ್ವಾ, ದಿಲ್ಲಿಯವರಿಗೆ ನೀ ಕಾಣಂಗಿಲ್ಲ, ಆರಾಮ ಕುಂದರು” ಎಂದು ಮಗಳು ಚೇಷ್ಟೆ ಮಾಡುತ್ತಾಳೆ. ನಾನು ಆ ಒಂದು ಗಳಿಗೆ ಯಾಕೆ ನಿಲ್ಲುತ್ತೇನೆಂದು ಅವಳಿಗೆ ಗೊತ್ತಿಲ್ಲ. ನಮ್ಮ ಮಾವನವರಿಗೆ ರುಮಾಲು ಸುತ್ತಿಕೊಳ್ಳಲು ಅಷ್ಟು ಹೊತ್ತು ಬೇಕಾಗುತ್ತಿತ್ತು.

ಎಂಬತ್ತರ ದಶಕದ ನಡುವೆ ನಾನು ಲಗ್ನವಾಗಿ ಕುಂದಗೋಳ ತಾಲೂಕಿನ ಒಂದು ಹಳ್ಳಿಗೆ ಬಂದೆ. ಸಂಶಿಗೆ ಸಮೀಪದ ಊರು. ಎರೆಹೊಲ, ಹತ್ತಿ, ಜೋಳ, ಮೆಣಸಿನಕಾಯಿ. ನನ್ನ ತವರು ಅಣ್ಣಿಗೇರಿ. ನಮ್ಮಪ್ಪ ಅಲ್ಲಿ ಕಾಳಿನ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತರು. ನಾನು ಹಟ ಹಿಡಿದು ಬಿ.ಎ. ಮಾಡಿ, ಅದು ಸಾಲದೆಂದು ಬಿ.ಎಡ್. ಕೂಡ ಮುಗಿಸಿದ್ದೆ. “ಇಷ್ಟ ಓದಿದಾಕಿ ಎಮ್ಮಿ ಹಿಂಡ್ತಾಳೇನ್ರಿ?” ಎಂದು ಗಂಡಿನ ಕಡೆಯವರು ಕೇಳಿದರಂತೆ. “ಹಿಂಡ್ತಾಳ್ರಿ” ಎಂದು ನಮ್ಮವ್ವ ಕಣ್ಣು ಮಿಟುಕಿಸದೆ ಸುಳ್ಳು ಹೇಳಿದಳು. ಎಮ್ಮೆಗೆ ನಿಜ ಮೊದಲ ದಿನವೇ ಗೊತ್ತಾಯಿತು.

ಆ ಮನೆಯನ್ನು ನಿಮಗೆ ಸ್ವಲ್ಪ ತೋರಿಸಬೇಕು. ತಲಬಾಗಿಲು ದಾಟಿದರೆ ಎಡಕ್ಕೆ ಎತ್ತುಗಳಿಗೆ ಮೇವು ಹಾಕುವ ಗ್ವಾದ್ಲಿ, ಬಲಕ್ಕೆ ತುಸು ಎತ್ತರದಲ್ಲಿ ಪಡಸಾಲೆ. ಪಡಸಾಲೆಯ ಹಿಂದೆ ಒಂದು ದಪ್ಪ ಹೊಸ್ತಿಲು. ಅದರ ಒಳಗೆ ನಡುಮನೆ, ನಡುಮನೆಗೆ ಹತ್ತಿಯೇ ಅಡುಗೆಯ ಒಲೆ. ಪಡಸಾಲೆ ಗಂಡಸರದು. ಹೊಸ್ತಿಲೊಳಗಿನದು ನಮ್ಮದು. ಗಂಡಸರು ಕುಳಿತಿದ್ದಾಗ ಹೆಂಗಸರು ಆ ಹೊಸ್ತಿಲು ದಾಟುತ್ತಿರಲಿಲ್ಲ; ಏನಿದ್ದರೂ ಬಾಗಿಲ ಹಿಂದೆ ನಿಂತು ಕೇಳುವುದು, ಬೇಕಾದ್ದನ್ನು ಹೊಸ್ತಿಲ ಮೇಲಿಟ್ಟು ಹಿಂದೆ ಸರಿಯುವುದು. ನಮ್ಮ ಅತ್ತೆ ನೀಲವ್ವ ಹಾಗೆಯೇ ಮುಪ್ಪಾಗಿದ್ದರು. ಅವರು ಯಾವುದರ ಬಗ್ಗೆಯೂ ತಮ್ಮ ಮಾತು ಹೇಳಿದ್ದನ್ನು ಯಾರೂ ಕೇಳಿರಲಿಲ್ಲ. ಮಾತಿನ ಬದಲು ಅವರು ರೊಟ್ಟಿ ಬಡಿಯುತ್ತಿದ್ದರು. ತಪತಪ ಎಂಬ ಆ ಸಪ್ಪಳ ಕೇಳಿದರೆ ಮನೆ ತನ್ನ ಪಾಡಿಗೆ ತಾನು ನಡೆದಿದೆ ಎಂದು ಅರ್ಥ.

ಮಾವ ಚನ್ನಬಸಪ್ಪನವರು ಊರ ಪಂಚರಲ್ಲಿ ಒಬ್ಬರು. ಬದುವಿನ ಜಗಳ, ಅಣ್ಣತಮ್ಮಂದಿರ ಪಾಲು, ಗಂಡಹೆಂಡಿರ ಮುನಿಸು, ಎಲ್ಲವೂ ಅವರ ಮುಂದೆ ಬರುತ್ತಿದ್ದವು. ಅವರು ಎರಡು ಕೆಲಸ ತಪ್ಪಿಸುತ್ತಿರಲಿಲ್ಲ. ಬೆಳಗಿನ ಲಿಂಗಪೂಜೆ ಮತ್ತು ಮಧ್ಯಾಹ್ನದ ಪತ್ರಿಕೆ. ಹುಬ್ಬಳ್ಳಿಯ ಬಸ್ಸು ಪತ್ರಿಕೆ ತರುತ್ತಿತ್ತು. ನಾನು ಬರುವ ಹೊತ್ತಿಗೆ ಅವರ ಎರಡೂ ಕಣ್ಣಿಗೆ ಪೊರೆ ಬಂದು ಅಕ್ಷರಗಳೆಲ್ಲ ಮಸಿಯ ಹಾಗೆ ಕಾಣತೊಡಗಿದ್ದವು. ಮಗ, ಅಂದರೆ ನಮ್ಮವರು, ಸೊಸೈಟಿಯ ಕೆಲಸಕ್ಕೆ ಹೋಗಿರುತ್ತಿದ್ದರು; ಮನೆಯಲ್ಲಿದ್ದಾಗ ಓದಿದರೂ ಅರ್ಧ ಸುದ್ದಿ ಬಾಯೊಳಗೇ ಉಳಿಯುತ್ತಿತ್ತು. ಮಾವನ ತಮ್ಮ ಭದ್ರಪ್ಪ ಕಾಕಾ ದಪ್ಪಕ್ಷರ ಮಾತ್ರ ಓದಿ, ಉಳಿದದ್ದನ್ನು ತಾವೇ ಸೇರಿಸಿ ಹೇಳುತ್ತಿದ್ದರು. ಒಮ್ಮೆ ಅವರು ಸೇರಿಸಿದ ಸುದ್ದಿಯಲ್ಲಿ ಒಬ್ಬ ಮಂತ್ರಿ ಸತ್ತೇ ಹೋಗಿದ್ದ. ಮರುದಿನ ಅವನೇ ಸೇತುವೆಯೊಂದನ್ನು ಉದ್ಘಾಟಿಸಿದ.

ಮಂತ್ರಿ ಮತ್ತೆ ಜೀವಂತ ಎದ್ದು ಬಂದ ದಿನ ಮಾವ ಬೇಸತ್ತು, “ಓದಿದ ಸೊಸಿ ಒಳಗ ಐತಿ. ಇಲ್ಲಿ ನಾ ಕುರುಡನಂಗ ಕುಂತೀನಿ” ಎಂದರು. ಹೊಸ್ತಿಲ ಮೇಲೆ ಪತ್ರಿಕೆ ಬಂತು. ನಾನು ಅದನ್ನು ಒಳಗೆಳೆದುಕೊಂಡು, ಬಾಗಿಲ ಮರೆಯಲ್ಲಿ ಗೋಡೆಗೆ ಒರಗಿ ಓದಿದೆ. ಅವರು ಆಚೆ ಕೂತು ಕೇಳಿದರು. ನಾನವರಿಗೆ ಕಾಣುತ್ತಿರಲಿಲ್ಲ, ಅವರು ನನಗೆ ಕಾಣುತ್ತಿರಲಿಲ್ಲ. ಯಾವ ರೀತಿಗೂ ಭಂಗ ಬರಲಿಲ್ಲ. ಅಂದಿನಿಂದ ದಿನಾ ಮಧ್ಯಾಹ್ನ ಅದೇ ಕ್ರಮ ನಡೆಯಿತು. ಕೇಳುವವರು ಮಾವ, ಎಲೆಯಡಿಕೆ ಜಗಿಯುವ ಕಾಕಾ, ಗ್ವಾದ್ಲಿಯ ಜೋಡೆತ್ತು; ಒಳಗೆ ರೊಟ್ಟಿ ಬಡಿಯುವ ಅತ್ತೆ. ನನ್ನ ದನಿ ಗಟ್ಟಿಯಾದದ್ದು ಹೀಗೆ.

ಒಂದು ದಿನ ಯಾವುದೋ ಸುದ್ದಿಯ ಮೊದಲ ಸಾಲಿನಲ್ಲಿ ಸುಪ್ರೀಂ ಕೋರ್ಟಿನ ಹೆಸರು ಬಂತು.

“ನಿಂದ್ರು” ಎಂದರು ಮಾವ.

ನಾನೇನೋ ತಪ್ಪು ಓದಿದೆನೆಂದು ಆ ಸಾಲಿಗೆ ಬೆರಳಿಟ್ಟು ಮತ್ತೆ ನೋಡಿದೆ. ಆಚೆ ಬಟ್ಟೆಯ ಸರಬರ ಸಪ್ಪಳ. ಬಾಗಿಲ ಸಂದಿನಲ್ಲಿ ನೋಡಿದರೆ, ಮಾವ ಗೂಟದ ಮೇಲಿನ ಬಿಳಿ ರುಮಾಲು ತೆಗೆದು ತಲೆಗೆ ಸುತ್ತುತ್ತಿದ್ದಾರೆ. ಅದು ಲಗ್ನಕ್ಕೆ, ಪಂಚಾಯ್ತಿಗೆ, ಮಠಕ್ಕೆ ಹೋಗುವಾಗ ಮಾತ್ರ ಸುತ್ತುವ ರುಮಾಲು.

“ಎಲ್ಲಿಗಿ ಹೊಂಟಿ ಅಣ್ಣಾ?” ಎಂದರು ಕಾಕಾ.

“ಎಲ್ಲಿಗೂ ಇಲ್ಲ. ಆ ಕೋರ್ಟಿನ ಮಾತು ಬರಿ ತಲ್ಯಾಗ ಕೇಳಬಾರದು.”

“ಅವ್ರು ದಿಲ್ಲ್ಯಾಗ ಅದಾರಲ್ಲ.”

“ಅವ್ರು ಇರ್ಲಿ. ಮಾತು ಇಲ್ಲೀತನಕ ಬಂದೈತಲ್ಲಲೇ.” ಆಮೇಲೆ ಬಾಗಿಲ ಕಡೆ ಮುಖ ಮಾಡಿ, “ಹೂಂ, ಓದವಾ” ಎಂದರು.

ಪ್ರಧಾನಿಯ ಸುದ್ದಿಗೆ ಮಾವ ಜೋಳದ ಚೀಲಕ್ಕೆ ಒರಗಿ ಮಲಗಿರುತ್ತಿದ್ದರು. ಹತ್ತಿಯ ಧಾರಣೆಗೆ ಅರ್ಧ ಎದ್ದು ಕೂಡುತ್ತಿದ್ದರು. ಸುಪ್ರೀಂ ಕೋರ್ಟಿಗೆ ಮಾತ್ರ ರುಮಾಲು, ನೆಟ್ಟಗಿನ ಬೆನ್ನು, ಮೊಣಕಾಲ ಮೇಲೆ ಎರಡು ಕೈ. ನಾನು ಮೊದಲು ಒಳಗೊಳಗೇ ನಕ್ಕೆ. ಆಮೇಲೆ ನಗು ಬರಲಿಲ್ಲ. ಯಾಕೆಂದರೆ ಒಮ್ಮೆ ಅವರು ಕಾಕಾನಿಗೆ ಹೀಗೆ ಹೇಳಿದರು: “ನಾ ಒಂದು ಬದುವಿನ ನ್ಯಾಯಾ ಹೇಳಾಕ ನಿದ್ದಿ ಕೆಡಸ್ಕೋತೀನಿ. ತಪ್ಪಿ ಹೇಳಿದ್ರ ಒಬ್ಬನ ಮನಿ ಹಾಳು. ಅವ್ರು ಇಡೀ ದೇಶದ್ದು ಹೇಳ್ತಾರ. ಅವ್ರಿಗೆ ಉಂಡ ಅನ್ನ ಹೆಂಗ ಮೈಗೆ ಹತ್ತತೈತೋ ಏನೋ.” ನ್ಯಾಯ ಹೇಳುವುದು ಭಾರದ ಕೆಲಸವೆಂದು ನನಗೆ ಪುಸ್ತಕದಿಂದ ತಿಳಿದಿರಲಿಲ್ಲ. ಆ ದನಿಯಿಂದ ತಿಳಿಯಿತು.

ನನ್ನ ಮಟ್ಟಿಗೆ ಕೋರ್ಟೆಂದರೆ ಅಣ್ಣಿಗೇರಿಯ ನಮ್ಮ ಹಿತ್ತಲಿನ ಬೇವಿನ ಮರ. ಅಲ್ಲಿ ನಾವು ಓಣಿಯ ಹುಡುಗಿಯರು ಕೋರ್ಟಿನ ಆಟ ಆಡುತ್ತಿದ್ದೆವು. ಅಜ್ಜನ ಕರಿ ಕಂಬಳಿಯೇ ನ್ಯಾಯಾಧೀಶರ ಕೋಟು. ಕಂಬಳಿ ನಮ್ಮ ಮನೆಯದಾದ್ದರಿಂದ ಪ್ರತಿ ಸಲವೂ ನ್ಯಾಯಾಧೀಶೆ ನಾನೇ. ಬೇಸಿಗೆಯ ಬಿಸಿಲು, ಮೈತುಂಬ ಕಂಬಳಿಯ ತುರಿಕೆ. ವಾದ ಕೇಳುವ ತಾಳ್ಮೆ ಎಲ್ಲಿಂದ ಬರಬೇಕು? ಇಬ್ಬರಿಗೂ ಶಿಕ್ಷೆ ಕೊಟ್ಟು ಕಂಬಳಿ ಕಿತ್ತೊಗೆಯುತ್ತಿದ್ದೆ. ಸುಪ್ರೀಂ ಕೋರ್ಟೆಂದರೆ ಅಲ್ಲಿನ ಕಂಬಳಿ ಇನ್ನೂ ದೊಡ್ಡದಿರಬೇಕು ಎಂದು ಬಹಳ ವರ್ಷ ನಂಬಿದ್ದೆ. ಬಿ.ಎಡ್. ಮುಗಿದ ಮೇಲೂ ಆ ಕಲ್ಪನೆ ಹೆಚ್ಚೇನೂ ಸುಧಾರಿಸಿರಲಿಲ್ಲವೆಂದು ನಿಮಗೆ ಮಾತ್ರ ಹೇಳುತ್ತೇನೆ.

ಒಮ್ಮೆ ಪತ್ರಿಕೆಯಲ್ಲಿ ಆ ಕಟ್ಟಡದ ಚಿತ್ರ ಬಂತು. ಅದರಲ್ಲಿ ಏನೈತಿ ಹೇಳು ಎಂದರು ಮಾವ.

“ನಡುವ ದೊಡ್ಡ ಗುಂಬಜ ಐತ್ರಿ. ಸಾಲಾಗಿ ಕಂಬ ಅದಾವ್ರಿ. ಮುಂದ ಮೆಟ್ಟಲಾ ಭಾಳ ಅದಾವ್ರಿ.”

ಮಾವ ಕೇಳಿದರು: “ಅಷ್ಟ ಮೆಟ್ಟಲಾ ಇದ್ರ, ನ್ಯಾಯಾ ಕೇಳಾಕ ಬಂದ ಮುದುಕರು ಹೆಂಗ ಹತ್ತತಾರ?”

ನಾನು ಚಿತ್ರದ ಮೆಟ್ಟಿಲುಗಳನ್ನು ಬೆರಳಿಟ್ಟು ಎಣಿಸತೊಡಗಿದೆ. ಒಳಗೆ ರೊಟ್ಟಿಯ ಸಪ್ಪಳ ನಿಂತಿತ್ತು ಎಂಬುದನ್ನು ಆಗ ನಾನು ಗಮನಿಸಿದೆ. ಅತ್ತೆಯೂ ಆ ಮೆಟ್ಟಿಲುಗಳನ್ನು ನೋಡುತ್ತಿದ್ದರೆಂದು ಕಾಣುತ್ತದೆ. ಆ ಮೇಲೆ ನಾನು ಕಿವಿಗೊಟ್ಟು ಕೇಳತೊಡಗಿದೆ. ಉಳಿದ ಸುದ್ದಿಗಳಿಗೆಲ್ಲ ರೊಟ್ಟಿ ಬಡಿಯುವ ಸಪ್ಪಳ ನಡೆದೇ ಇರುತ್ತಿತ್ತು. ಆಚೆ ಮಾವ ರುಮಾಲಿಗೆ ಕೈ ಹಾಕಿದ ಕೂಡಲೇ ಈಚೆ ಒಲೆಯ ಮುಂದೆ ಕೈ ನಿಲ್ಲುತ್ತಿತ್ತು.

ಆಮೇಲೊಂದು ದಿನ ಐವರು ನ್ಯಾಯಮೂರ್ತಿಗಳು ಕೂಡಿ ಕೊಟ್ಟ ತೀರ್ಪಿನ ಸುದ್ದಿ ಬಂತು. ಪ್ರಕರಣ ಯಾವುದೆಂದು ಈಗ ನೆನಪಿಲ್ಲ. ಐವರು ಎಂದದ್ದೇ ಮಾವ ಹಿಗ್ಗಿದರು. “ಅಲ್ಲೂ ಪಂಚರ ನೋಡಲೇ ಭದ್ರಾ.” ನಾನು ಮುಂದೆ ಓದಿದೆ. ನಾಲ್ವರು ಒಂದು ಮಾತು ಹೇಳಿದ್ದರು. ಐದನೆಯವರು ಅದನ್ನು ಒಪ್ಪದೆ, ತಮ್ಮದು ಬೇರೆ ಎಂದು ಬೇರೆಯೇ ತೀರ್ಪು ಬರೆದಿದ್ದರು.

ಮಾವ ಬಾಗಿಲ ಕಡೆ ಸರಿದು ಕುಳಿತರು.

“ಇನ್ನೊಮ್ಮಿ ಓದು.”

ಇನ್ನೊಮ್ಮೆ ಓದಿದೆ. ಅದೇ ಇತ್ತು.

ನಿಮಗೆ ಇದರಲ್ಲೇನು ವಿಶೇಷ ಎನಿಸಬಹುದು. ನಮ್ಮ ಕಡೆಯ ಪಂಚರು ಒಳಗೆ ಎಷ್ಟು ಬೇಕಾದರೂ ಹೊಡೆದಾಡಬಹುದು. ಕಟ್ಟೆಗೆ ಬಂದು ಹೇಳುವಾಗ ಎಲ್ಲರದೂ ಒಂದೇ ಬಾಯಿ. ಮಾವ ಸಣ್ಣವರಿದ್ದಾಗ ಅವರ ಸೋದರಮಾವ ಕಟ್ಟೆಯ ಮೇಲೆ, ಎಲ್ಲರೆದುರು, ‘ನಂದು ಬೇರೆ’ ಎಂದುಬಿಟ್ಟಿದ್ದರಂತೆ. ಆ ಮೇಲೆ ಅವರನ್ನು ಯಾವ ನ್ಯಾಯಕ್ಕೂ ಕರೆಯಲಿಲ್ಲ. ಲಗ್ನಗಳಲ್ಲಿ ಎಲೆಯಡಿಕೆಯ ತಬಕು ಅವರ ಮುಂದೆ ನಿಲ್ಲದೆ ಮುಂದೆ ಹೋಗುತ್ತಿತ್ತು. ಸಾಯುವತನಕ ಆ ಮನುಷ್ಯ ಕಟ್ಟೆಯ ಕಡೆ ಮುಖ ಹಾಕಲಿಲ್ಲ.

“ಮುಗೀತು ಆ ಸಾಹೇಬ್ರ ಕಥಿ” ಎಂದರು ಕಾಕಾ, ಸುಣ್ಣದ ಡಬ್ಬಿ ಮುಚ್ಚುತ್ತ. “ನಾಳಿಂದ ಅವ್ರನ್ನ ಒಳಗ ಬಿಡಂಗಿಲ್ಲ.”

“ಹಂಗ ಮಾಡಂಗಿಲ್ಲ ಅನಸ್ತೈತ್ರಿ” ಎಂದೆ ನಾನು ಬಾಗಿಲ ಮರೆಯಿಂದ. ನನಗೂ ಖಾತ್ರಿ ಇರಲಿಲ್ಲ.

ಮಾವನಿಗೆ ಆ ನ್ಯಾಯಮೂರ್ತಿಗಳ ಚಿಂತೆ ಹತ್ತಿತು. ಬಸ್ಸು ಬಂದ ಕೂಡಲೇ ಮೊದಲ ಪ್ರಶ್ನೆ, “ಆ ಸಾಹೇಬ್ರ ಸುದ್ದಿ ಏನರ ಬಂತೇನು?” ಬಂದಿರುತ್ತಿರಲಿಲ್ಲ. ಕಾಕಾ ‘ನಾ ಹೇಳಿರಲಿಲ್ಲೇನು’ ಎಂಬಂತೆ ಕೆಮ್ಮುತ್ತಿದ್ದರು. ಮಾವ ಒಮ್ಮೆ, “ಹೆಂಡ್ರು ಮಕ್ಳು ಇರಬೇಕಲ್ಲ ಅವ್ರಿಗೆ” ಎಂದರು. ಇನ್ನೊಮ್ಮೆ, “ಉಳದ ನಾಕೂ ಮಂದಿ ಅವ್ರ ಜೋಡಿ ಊಟಕ್ಕ ಕುಂದರ್ತಾರೇನವಾ?” ಎಂದು ನನ್ನನ್ನೇ ಕೇಳಿದರು. ಕಂಡರಿಯದ ಊರಿನ ಕಂಡರಿಯದ ಮನುಷ್ಯರೊಬ್ಬರು ಒಬ್ಬರೇ ಕೂತು ಉಣ್ಣುತ್ತಿದ್ದಾರೇನೋ ಎಂದು ನಮ್ಮ ಮನೆಯಲ್ಲಿ ಊಟ ರುಚಿಸದ ಹಾಗಾಗಿತ್ತು. ನಾನಂತೂ ಪತ್ರಿಕೆಯ ಮೂಲೆಮೂಲೆಯಲ್ಲಿ ಆ ಹೆಸರು ಹುಡುಕುತ್ತಿದ್ದೆ.

ಕೊನೆಗೆ ಬಂತು. ಬೇರೊಂದು ಪ್ರಕರಣ, ಅದೇ ನ್ಯಾಯಮೂರ್ತಿಗಳು, ಅಂದಿನ ನಾಲ್ವರಲ್ಲಿ ಇಬ್ಬರ ಜೊತೆ ಒಂದೇ ಪೀಠದಲ್ಲಿ ಕುಳಿತಿದ್ದರು. ಈ ಸಲ ಮೂವರದೂ ಒಂದೇ ಮಾತು. ಆ ಹೆಸರನ್ನು ದನಿ ಏರಿಸಿ ಓದಿದೆ. ಯಾಕೆಂದು ಕೇಳಬೇಡಿ, ಸ್ವಂತ ಅಣ್ಣ ಊರಿಗೆ ಬಂದಷ್ಟು ಸಂತೋಷವಾಗಿತ್ತು.

“ಕೂಡೇ ಕುಂತಾರಂತ?” ಎಂದರು ಮಾವ.

“ಕೂಡೇ ಕುಂತಾರ್ರಿ.”

ಮಾವ ಎರಡೂ ಕೈ ಎತ್ತಿ, ಕಾಣದ ಕಣ್ಣಿನಿಂದ ದಿಕ್ಕು ತಿಳಿಯದೆ, ದಕ್ಷಿಣದ ಕಡೆಗೇ ತಿರುಗಿ ದಿಲ್ಲಿಗೆ ನಮಸ್ಕಾರ ಮಾಡಿದರು. ಒಳಗಿನಿಂದ ಹೊಸ್ತಿಲ ಮೇಲೆ ಒಂದು ತಾಟು ಬಂತು. ಅದರಲ್ಲಿ ಬೆಲ್ಲ, ಹುರಿದ ಶೇಂಗಾ. ಅತ್ತೆಗೆ ಯಾರೂ ಹೇಳಿರಲಿಲ್ಲ.

ಅಂದು ಸಂಜೆ ಒಲೆಯ ಮುಂದೆ ನಾವಿಬ್ಬರೇ ಇದ್ದಾಗ ಅತ್ತೆ ಹಿಟ್ಟು ನಾದುತ್ತ ಕೇಳಿದರು, “ನಾಕ ಮಂದಿ ಹೇಳಿದ್ದ ನಡೀತೈತಿ, ಹೌದಿಲ್ಲೋ?”

“ಹೌದ್ರಿ ಅತ್ತಿ.”

“ಹಂಗಾರ ಆ ಒಬ್ಬರ ಮಾತ ಯಾಕ ಬರದಿಡ್ತಾರ?”

ಬಿ.ಎಡ್. ಪಾಸಾದವಳಿಗೆ ಇದರ ಉತ್ತರ ಸಿಕ್ಕಿದ್ದು ಮುಂದೊಂದು ಭಾನುವಾರದ ಪುರವಣಿಯಲ್ಲಿ. ಯಾರೋ ತಿಳಿದವರು ಆ ತೀರ್ಪಿನ ಬಗ್ಗೆ ಉದ್ದನೆಯ ಲೇಖನ ಬರೆದಿದ್ದರು. ನಾನು ಅದನ್ನು ನಿಧಾನವಾಗಿ, ಅತ್ತೆಗೂ ಕೇಳುವಂತೆ ಓದಿದೆ. ಒಪ್ಪದವರ ಮಾತು ಇವತ್ತು ನಡೆಯುವುದಿಲ್ಲ. ಆದರೆ ಅದನ್ನು ಒಗೆಯುವುದಿಲ್ಲ, ತೀರ್ಪಿನ ಜೊತೆಗೇ ಅಚ್ಚು ಹಾಕಿ ಇಡುತ್ತಾರೆ. ಮುಂದೆ ಎಂದೋ ಬರುವ ನ್ಯಾಯಮೂರ್ತಿಗಳು ಅದನ್ನು ತೆಗೆದು ಓದಿ, ಇದೇ ಸರಿ ಎಂದು ಅನ್ನಬಹುದು. ಹಾಗೆ ಅಂದದ್ದೂ ಉಂಟು ಎಂದು ಆ ಲೇಖನ ಹೇಳುತ್ತಿತ್ತು.

ಓದಿ ಮುಗಿಸಿ ಪತ್ರಿಕೆಯನ್ನು ಮಡಿಲಲ್ಲಿ ಇಟ್ಟುಕೊಂಡೆ. ಇಷ್ಟು ದೊಡ್ಡ ಕೋರ್ಟು, ತನ್ನ ಮಾತಿನ ಮೇಲೆ ಇನ್ನೊಂದು ಮಾತಿಲ್ಲ ಎನ್ನುವಂಥದ್ದು, ತಾನು ತಪ್ಪಿರಬಹುದೆಂದು ಸೋತ ಮಾತನ್ನೂ ಕಾಯ್ದು ಇಡುತ್ತದೆ. ಅದಕ್ಕಿಂತ ದೊಡ್ಡ ಸಂಗತಿಯನ್ನು ನಾನು ಅಲ್ಲಿಯತನಕ ಓದಿರಲಿಲ್ಲ. ಕಾಕಾ ಕೂಡ ಏನೂ ಸೇರಿಸಲಿಲ್ಲ. ಮಾವ, “ನಮ್ಮ ಸ್ವಾದರಮಾವಂದು ಯಾರೂ ಬರದಿಡ್ಲಿಲ್ಲಲೇ” ಎಂದರು. ಅಷ್ಟರಲ್ಲಿ ಒಲೆಯ ಕಡೆಯಿಂದ ಕಮಟು ವಾಸನೆ ಬಂತು. ಹಂಚಿನ ಮೇಲೆ ರೊಟ್ಟಿ ಹತ್ತಿಹೋಗಿತ್ತು. ಅತ್ತೆಯ ಕೈಯಲ್ಲಿ ರೊಟ್ಟಿ ಸುಟ್ಟದ್ದನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ.

ಆ ಬೇಸಿಗೆಯಲ್ಲಿ ಸಂಶಿಯ ಒಂದು ಹೈಸ್ಕೂಲಿನಿಂದ ನನಗೆ ಕರೆ ಬಂತು. ಹುಡುಗಿಯರ ಸಂಖ್ಯೆ ಹೆಚ್ಚಿದೆ, ಒಬ್ಬ ಬಾಯಿಯವರು ಬೇಕು ಎಂದು ನಮ್ಮಪ್ಪನ ಪರಿಚಯದವರು ಹೇಳಿ ಕಳಿಸಿದ್ದರು. ನಮ್ಮಲ್ಲಿ ಶಿಕ್ಷಕಿಗೆ ಬಾಯಿಯವರೆಂದೇ ಹೇಳುವುದು. ಆ ಮಾತು ಕಿವಿಗೆ ಬಿದ್ದಾಗಿನಿಂದ ನನಗೆ ಅನ್ನ ನೀರು ಬೇಡವಾಯಿತು. ಎಮ್ಮೆ ಹಿಂಡುವಾಗ ಎಮ್ಮೆಗೇ ವ್ಯಾಕರಣ ಹೇಳುತ್ತಿದ್ದೆ. ಆ ಕೆಲಸ ನನಗೆ ಬೇಕಿತ್ತು. ಯಾವುದನ್ನೂ ನಾನು ಅಷ್ಟು ಬಯಸಿರಲಿಲ್ಲ.

ನಮ್ಮವರು ತಂದೆಯ ಕಿವಿಗೆ ಹಾಕಿದರು. ಮನೆಯ ದೊಡ್ಡ ವಿಷಯವೆಂದರೆ ಪಡಸಾಲೆಯಲ್ಲಿ ಮೂವರು ಕೂಡಬೇಕು: ಮಾವ, ಕಾಕಾ, ನಮ್ಮವರು. ಕೂಡಿದರು. ನಾನು ಬಾಗಿಲ ಮರೆಯಲ್ಲಿ ನಿಂತೆ. ಅತ್ತೆ ಒಲೆಯ ಮುಂದೆ ಇದ್ದರು.

“ನಾ ನಾಕ ಮಂದಿಗೆ ನ್ಯಾಯಾ ಹೇಳಾವ” ಎಂದರು ಮಾವ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ತಂದಿತು. “ನನ್ನ ಸೊಸಿ ದಿನಾ ಬಸ್ ಹತ್ತಿ ಇಳದ್ರ ನಾಳೆ ನನ್ನ ಮಾತ ಯಾರು ಕೇಳ್ತಾರ? ಬ್ಯಾಡ.”

“ಖರೆ ಅಣ್ಣಾ” ಎಂದರು ಕಾಕಾ. “ಮ್ಯಾಲೆ ನಮಗ ಪೇಪರ ಯಾರು ಓದ್ತಾರ?”

ಎಲ್ಲರೂ ನಮ್ಮವರ ಕಡೆ ನೋಡಿರಬೇಕು. “ನೀವು ಹೇಳಿದಂಗ” ಎಂದರು ಅವರು. ಒಳ್ಳೆಯವರು ಪಾಪ, ಆದರೆ ತಂದೆಯ ಮುಂದೆ ಅವರ ಬಾಯಿಯಲ್ಲಿ ನಾಲಿಗೆ ಇರುತ್ತಿರಲಿಲ್ಲ.

ಅಷ್ಟೇ, ಮುಗಿದಿತ್ತು. ಕಾಕಾ ಏಳಲು ನೆಲಕ್ಕೆ ಕೈ ಊರಿದ್ದರು.

“ನಂದು ಬ್ಯಾರೆ ಐತ್ರಿ.”

ಯಾರ ದನಿ ಎಂದು ನನಗೇ ತಿಳಿಯಲಿಲ್ಲ. ತಿರುಗಿ ನೋಡಿದರೆ ಅತ್ತೆ ನನ್ನ ಹಿಂದೆ ಬಂದು ನಿಂತಿದ್ದಾರೆ. ಕೈತುಂಬ ಹಿಟ್ಟು, ಮುಖ ಬೆವರಿದೆ.

“ವೈನೀ, ಇದು ಗಂಡಸರು...” ಎಂದು ಕಾಕಾ ಶುರುಮಾಡಿದರು. ಮಾವ ಕೈಯೆತ್ತಿ ಅವರನ್ನು ತಡೆದರು. ಆ ಕೈ ಹಾಗೇ ಗೋಡೆಯನ್ನು ತಡವುತ್ತ ಗೂಟದ ಕಡೆ ಹೋಯಿತು. ರುಮಾಲು ತೆಗೆದು ತಲೆಗೆ ಸುತ್ತಿಕೊಂಡರು.

“ಹೇಳು” ಎಂದರು.

“ಹೇಳಿದ್ರ ಆಗಂಗಿಲ್ಲ, ಬರೀಬೇಕು. ಅಲ್ಲೆ ಬರದಿಡ್ತಾರಲ್ಲ.”

ಮಗ ಗಡಿಬಿಡಿಯಲ್ಲಿ ಪೆನ್ನು ತೆಗೆದರು. ಕಾಗದ ಸಿಗದೆ ಅಂದಿನ ಪತ್ರಿಕೆಯ ಅಂಚಿನಲ್ಲೇ ಬರೆಯಲು ಕುಳಿತರು. ಅತ್ತೆ ಬಾಗಿಲ ಮರೆಯಿಂದ, ರೊಟ್ಟಿ ಬಡಿಯುವಷ್ಟೇ ಸಮವಾಗಿ ಹೇಳಿದರು: “ನಾ ಈ ಮನಿಗೆ ಬಂದಾಗಿಂದ ಈ ಬಾಗಲದ ಹಿಂದ ನಿಂತು ಎಲ್ಲಾ ನ್ಯಾಯಾ ಕೇಳೀನಿ. ಭಾಳ ಸಲ ನನಗ ಬ್ಯಾರೆ ಅನಸೇತಿ. ಹೇಳಿಲ್ಲ. ಬರದಿಯೇನಪಾ?”

“ಬರದ್ನಿ ಅವ್ವಾ.”

“ಈ ಹುಡುಗಿ ಓದೂದು ಕೇಳಿ ನಾ ಒಲಿ ಮುಂದ ಕುಂತು ದಿಲ್ಲಿ ನೋಡೀನಿ. ನನಗ ಅಕ್ಷರ ಬರಂಗಿಲ್ಲ. ಸಂಶಿ ಸಾಲಿ ಹುಡುಗ್ಯಾರು ನನ್ನಂಗ ಆಗಬಾರದು. ಆಕಿ ಹೋಗ್ಲಿ. ಊರವರು ಏನರ ಅಂದ್ರ, ನೀಲವ್ವ ಕಳಸ್ಯಾಳ ಅಂತ ನನ್ನ ಹೆಸರ ಹೇಳ್ರಿ.”

ಗ್ವಾದ್ಲಿಯಲ್ಲಿ ಎತ್ತಿನ ಕೊರಳಗೆಜ್ಜೆ ಒಮ್ಮೆ ಸಪ್ಪಳ ಮಾಡಿತು. ಮಾವ ಕೇಳಿದರು, “ಎಲ್ಲಾ ಬರಕೊಂಡಿ?”

“ಹೂನ್ರಿ.”

“ನ್ಯಾಯಾ ಬದಲಾಗಂಗಿಲ್ಲ. ನಾವು ಮೂವರೂ ಒಂದ ಅದೀವಿ.”

“ಗೊತ್ತೈತ್ರಿ” ಎಂದರು ಅತ್ತೆ. “ಕಾಯ್ದು ಇಟ್ರ ಸಾಕು.”

ಆ ಪತ್ರಿಕೆಯನ್ನು ಮಡಚಿ ರುಮಾಲಿನ ಗೂಟದ ಕೆಳಗಿನ ಗೂಡಿನಲ್ಲಿ ಇಟ್ಟರು. ನಾನು ಎಮ್ಮೆಯ ಕೊಟ್ಟಿಗೆಗೆ ಹೋಗಿ, ಅದರ ಹೊಟ್ಟೆಗೆ ಹಣೆ ಹಚ್ಚಿ ಅತ್ತುಬಿಟ್ಟೆ. ಎಮ್ಮೆ ಅಂದು ಒದೆಯಲಿಲ್ಲ.

ಮರುದಿನ ಅತ್ತೆ ಎಂದಿನಂತೆ ರೊಟ್ಟಿ ಬಡಿಯುತ್ತಿದ್ದರು. “ಮಾವಾರು ಸಿಟ್ಟಾದ್ರ ಹೆಂಗ್ರಿ ಅತ್ತಿ?” ಎಂದೆ. “ಆ ದಿಲ್ಲಿ ಸಾಹೇಬ್ರು ಕೂಡೇ ಕುಂತರಿಲ್ಲೋ?” ಎಂದರು ಅವರು, ಹಂಚಿನಿಂದ ಕಣ್ಣು ತೆಗೆಯದೆ. ಅಂದು ಊಟಕ್ಕೆ ಕುಳಿತ ಮಾವ ಎಂದಿಲ್ಲದೆ, “ಬದನಿಕಾಯಿ ಪಲ್ಲೆ ಚಲೋ ಆಗೇತಿ” ಎಂದರು. ಆ ಮನೆಯಲ್ಲಿ ಪಲ್ಲೆಯನ್ನು ಹೊಗಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅತ್ತೆಯ ಮುಖ ಕೆಂಪಾಯಿತು. ಈ ಮುದುಕ ಮುದುಕಿಯರನ್ನು ನೋಡಿ ನನಗೆ ನನ್ನ ದುಃಖವೂ ಮರೆತುಹೋಯಿತು.

ಸಂಶಿಯ ಸಾಲಿಗೆ ಬೇರೆ ಯಾರೋ ಬಾಯಿಯವರು ಬಂದರೆಂದು ಕೇಳಿದೆ. ಮಳೆಗಾಲ ಹೋಯಿತು, ಗಿಡದಿಂದ ಮೆಣಸಿನಕಾಯಿ ಹರಿದದ್ದಾಯಿತು. ನಾನು ಓದುತ್ತಲೇ ಇದ್ದೆ. ದಿನದಲ್ಲಿ ಆ ಒಂದು ಹೊತ್ತು ಮಾತ್ರ ನಾನು ಕಲಿತದ್ದಕ್ಕೆ ಬೆಲೆ ಇತ್ತು.

ಚಳಿಗಾಲದಲ್ಲಿ ಕುಂದಗೋಳದಲ್ಲಿ ಕಣ್ಣಿನ ಶಿಬಿರ ನಡೆದು ಮಾವನ ಪೊರೆ ತೆಗೆದರು. ಹಸಿರು ಪಟ್ಟಿ ಬಿಚ್ಚಿ, ಕೆಲವು ವಾರಗಳಲ್ಲಿ ದಪ್ಪ ಗಾಜಿನ ಕನ್ನಡಕ ಬಂತು. ಮನೆಯಲ್ಲಿ ಹೋಳಿಗೆ ಮಾಡಿದೆವು. ಹೂರಣ ರುಬ್ಬುತ್ತ ನನಗೆ ಸಂತೋಷದ ಜೊತೆಗೇ ಸಂಕಟವೂ ಆಗುತ್ತಿತ್ತು. ಇನ್ನು ಅವರಿಗೆ ಕಾಣುತ್ತದೆ. ಪತ್ರಿಕೆ ಹೊಸ್ತಿಲು ದಾಟಿ ಒಳಗೆ ಬರುವುದಿಲ್ಲ.

ಹಾಗೆಯೇ ಆಯಿತು. ಅಂದು ಬಸ್ಸು ಬಂದ ಮೇಲೆ ನಾನು ರೂಢಿಯಂತೆ ಬಾಗಿಲ ಮರೆಯಲ್ಲಿ ಕುಳಿತೆ. ಪತ್ರಿಕೆ ಬರಲಿಲ್ಲ. ಆಚೆ ಹಾಳೆ ತಿರುವುವ ಸಪ್ಪಳ. ಮಾವ ಒಂದೊಂದೇ ಅಕ್ಷರ ಕೂಡಿಸಿ ತಮ್ಮಷ್ಟಕ್ಕೆ ಓದಿಕೊಳ್ಳುತ್ತಿದ್ದರು. ನಾನು ಎದ್ದು ಒಲೆಯ ಕಡೆ ಹೊರಟೆ. ಆಗ ಹಾಳೆಯ ಸಪ್ಪಳ ನಿಂತು, ರುಮಾಲಿನ ಸರಬರ ಶುರುವಾಯಿತು. ಸುಪ್ರೀಂ ಕೋರ್ಟಿನ ಸುದ್ದಿ ಏನೋ ಇರಬೇಕು ಎಂದುಕೊಂಡೆ.

ರುಮಾಲು ತೆಗೆಯುವಾಗ ಅದರ ಕೆಳಗಿನ ಗೂಡಿನಲ್ಲಿದ್ದ ಹಳೆಯ ಪತ್ರಿಕೆ ಅವರ ಹೊಸ ಕಣ್ಣಿಗೆ ಬಿದ್ದಿತ್ತು.

“ನಾ ಈ ಮನಿಗೆ ಬಂದಾಗಿಂದ...” ಎಂದು ಗಟ್ಟಿಯಾಗಿ ಓದತೊಡಗಿದರು ಮಾವ. ನಮ್ಮವರ ಅಕ್ಷರ ಕಾಗೆ ಕಾಲಿನಂಥದು. ಅಲ್ಲಲ್ಲಿ ತಡವರಿಸುತ್ತ, ಹಿಂದೆ ಹೋಗಿ ಮತ್ತೆ ಓದುತ್ತ ಮುಂದುವರಿದರು. ಒಳಗೆ ರೊಟ್ಟಿಯ ಸಪ್ಪಳ ನಿಂತಿತು. ಈಗ ಓದುವವರು ಪಡಸಾಲೆಯಲ್ಲಿದ್ದರು, ನಾವಿಬ್ಬರು ಕೇಳುತ್ತಿದ್ದೆವು. ‘ನೀಲವ್ವ ಕಳಸ್ಯಾಳ’ ಎಂಬುದನ್ನು ಎರಡೆರಡು ಸಲ ಓದಿದರು. ಮುಗಿಸಿ, ಮತ್ತೆ ಮೊದಲಿನಿಂದ ಓದಿದರು.

“ಭದ್ರಾ.”

“ಏನಣ್ಣಾ.”

“ಅವತ್ತ ಬರೇ ಕೇಳಿದ್ನಿ. ಇವತ್ತ ಕಣ್ಣಿಲೆ ನೋಡೀನಿ. ಇದ ಸರಿ ಐತಿ. ಈ ಸಲ ಸಂಶಿ ಸಾಲ್ಯಾಗ ಜಾಗಾ ಐತೇನು ಕೇಳಿಸು.”

ಕಾಕಾ ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿಕೊಂಡರು. “ಹಂಗಾರ ನಂದು ಬ್ಯಾರೆ ಐತಣ್ಣಾ” ಎಂದರು.

ಮಾವನಿಗೆ ಸಿಟ್ಟು ಬರುತ್ತದೆಂದುಕೊಂಡೆ. ಅವರು ನಕ್ಕರು. “ಸರೋಜಾ, ಪೆನ್ನ ತಗೊಂಡು ಹೊರಗ ಬಾ. ನಿಮ್ಮ ಕಾಕಾಂದೂ ಬರಕೋ.”

ಆ ಹೊಸ್ತಿಲು ಅಷ್ಟೇನೂ ಎತ್ತರ ಇರಲಿಲ್ಲ. ಆದರೂ ದಾಟುವಾಗ ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಪಡಸಾಲೆಯ ಅಂಚಿಗೆ ಕುಳಿತು, ಆ ದಿನದ ಪತ್ರಿಕೆಯ ಅಂಚಿನಲ್ಲಿ ಕಾಕಾ ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದುಕೊಂಡೆ. ಅಣ್ಣನ ಕಣ್ಣು ಇನ್ನೂ ಎಳೇದು, ದಣಿಯುತ್ತದೆ, ಸೊಸೆ ಸಾಲಿಗೆ ಹೋದರೆ ಪತ್ರಿಕೆ ಓದುವವರಿಲ್ಲ ಎಂಬುದು ಅವರ ಮಾತಿನ ಸಾರ. ಅದರಲ್ಲೂ ಅರ್ಥವಿತ್ತು. “ಸಂಜೀಕ ಬಂದು ಓದ್ತೀನ್ರಿ ಕಾಕಾ” ಎಂದೆ.

ಮಾವ ಬಾಗಿಲ ಕಡೆ ನೋಡಿದರು. “ಇಕೀನೂ ಕರಿ. ತನ್ನ ಮಾತ ಗೆದ್ದದ್ದ ತಾ ಕೇಳಬೇಕಿಲ್ಲೋ?”

ಅತ್ತೆ ಬಂದು ಹೊಸ್ತಿಲ ಮೇಲೆ ಒಂದು ಕಾಲಿಟ್ಟು ನಿಂತರು. ದಪ್ಪ ಗಾಜಿನೊಳಗಿಂದ ಮಾವ ಅವರನ್ನು ಬಹಳ ಹೊತ್ತು ನೋಡಿದರು. ಎಷ್ಟೋ ವರ್ಷಗಳಿಂದ ಸರಿಯಾಗಿ ಕಂಡಿರಲಿಲ್ಲವಲ್ಲ.

“ಕುಂದರು.”

“ರೊಟ್ಟಿ ಹತ್ತತೈತ್ರಿ.”

“ಹತ್ತಲಿ.”

ಅತ್ತೆ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೊಸ್ತಿಲು ದಾಟಿ, ಮಾವನ ಎದುರಿಗೆ ಕುಳಿತರು. ಮಾವ ಗೂಡಿನ ಆ ಹಳೆಯ ಪತ್ರಿಕೆಯನ್ನು ನನ್ನ ಕೈಗೆ ಕೊಟ್ಟು ಓದು ಎಂದರು. ನಾನು ಓದಿದೆ. ರೊಟ್ಟಿ ಕರ್ರಗೆ ಸುಟ್ಟುಹೋಯಿತು. ಅಂದು ಮಧ್ಯಾಹ್ನ ನಾವು ಅದನ್ನೇ ಹಂಚಿಕೊಂಡು ಉಂಡೆವು, ಕಾಕಾನೂ ನಮ್ಮ ಕೂಡೇ ಕುಂತಿದ್ದರು.